ಚಂದ್ರಿಯ ಎಡಗಿವಿ ಬಾಗಿದ ಮೇಲೆ

ಮೊದಲು ಬದಲಾದದ್ದು ಒಂದು ಕಿವಿ.

ಬೆಳಿಗ್ಗೆ ಸಗಣಿ ಬಾಚಲು ಹೋದೆ. ನಮ್ಮ ಆಕಳು ಚಂದ್ರಿಯ ಬಲಗಿವಿ ಎಂದಿನಂತೆ ನನ್ನ ಬಳೆಯ ಸದ್ದಿಗೆ ತಿರುಗಿತು. ಎಡಗಿವಿ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಗೂಟಕ್ಕೆ ಬಡಿದುಕೊಂಡಿರಬೇಕು ಎಂದುಕೊಂಡೆ. ಹಾಲು ಕರೆದೆ. ತಂಬಿಗೆ ತುಂಬಿತು. ಮಗಳಿಗೆ ಕೊಟ್ಟೆ.

ಆ ತಂಬಿಗೆ ಕೊಡಬಾರದಿತ್ತು ಅನ್ನುವುದು ಆಗ ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಮನೆ ಮಹಾರಾಷ್ಟ್ರದ ಅಕ್ಕಲಕೋಟೆಯ ಹೊರಗೆ, ಹೊಲದಲ್ಲಿ. ನನ್ನ ಗಂಡ, ಅತ್ತೆ, ನಾನು, ಒಂದಿಷ್ಟು ಕುರಿ, ಚಂದ್ರಿ. ಆಗ ಮಗಳು ಸುವರ್ಣಾ ಕೂಡ ಇದ್ದಳು. ಹೆರಿಗೆಗೆಂದು ಹೋಟಗಿಯಿಂದ ತವರಿಗೆ ಬಂದಿದ್ದಳು. ಇದಕ್ಕೂ ಮೊದಲು ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಈ ಸಲ ಏಳು ತಿಂಗಳು ದಾಟಿತ್ತು. ಮನೆದೇವರು ಬೀರೋಬಾನಿಗೆ ಹರಕೆ ಹೊತ್ತು, ಉಸಿರು ಬಿಗಿಹಿಡಿದು ದಿನ ದೂಡುತ್ತಿದ್ದೆವು.

ತವರಿಗೆ ಬಂದ ಬಸುರಿ ಮಗಳಿಗೆ ನೊರೆಹಾಲು ಕೊಡುವುದು ನಮ್ಮ ಮನೆಯ ಪದ್ಧತಿ. ಕೆಚ್ಚಲಿನಿಂದ ತಂಬಿಗೆಗೆ, ತಂಬಿಗೆಯಿಂದ ನೇರ ಬಾಯಿಗೆ. ಒಲೆಗೆ ತೋರಿಸಿದರೆ ಸತ್ವ ಹೋಗುತ್ತದೆ ಅನ್ನುವುದು ಅತ್ತೆಯ ಮಾತು. ಅವರು ಹಾಗೇ ಕುಡಿದು ನನ್ನ ಗಂಡನನ್ನು ಹೆತ್ತವರು. ನಾನೂ ಹಾಗೇ ಕುಡಿದು ಸುವರ್ಣಾಳನ್ನು ಹೆತ್ತವಳು.

ಮಧ್ಯಾಹ್ನದ ಹೊತ್ತಿಗೆ ಚಂದ್ರಿಯ ಎಡಗೆನ್ನೆ ಉಬ್ಬಿತ್ತು. ಮೆಲುಕಿನ ಮೇವು ಅಲ್ಲೇ ಗಟ್ಟಿಯಾಗಿ ನಿಂತಿತ್ತು. ತುಟಿ ಒಂದು ಕಡೆ ಜಾರಿ ಜೊಲ್ಲು ದಾರದಂತೆ ಇಳಿಯುತ್ತಿತ್ತು. ಬಕೆಟ್ಟಿಗೆ ಮೂತಿ ಅದ್ದಿದಳು. ಕುಡಿದ ನೀರು ಮೂಗಿನಿಂದ ಹಿಂದಕ್ಕೆ ಬಂತು.

"ಗಂಟಲಾಗ ಏನೋ ಸಿಕ್ಕೈತಿ," ಎಂದರು ಅತ್ತೆ. ನಾವೆಲ್ಲ ಅವರನ್ನು ಆಯಿ ಅನ್ನುತ್ತೇವೆ. ದೇವರ ಮುಂದಿನ ಭಂಡಾರ ತಂದರು. ಬೀರೋಬಾನ ಆ ಅರಿಷಿಣದ ಪುಡಿಯನ್ನು ಕಾಯಿಲೆಬಿದ್ದ ಕುರಿಯ ನಾಲಿಗೆಯ ಬುಡಕ್ಕೆ ಹಚ್ಚುವುದು ಅವರ ಕಾಲದಿಂದ ನಡೆದು ಬಂದ ಮದ್ದು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕೈವರೆಗೆ ಕೈಯನ್ನು ಚಂದ್ರಿಯ ಬಾಯಿಯೊಳಗೆ ಹಾಕಿ ತಡಕಾಡಿದರು. ಏನೂ ಸಿಗಲಿಲ್ಲ.

ಸಂಜೆಗೆ ಜನಾವರದ ಡಾಕ್ಟರು ಬಂದರು. ವಿಜಯಪುರದ ಕಡೆಯವರು, ಹಾಗಾಗಿ ಕನ್ನಡ ಮಾತಾಡುತ್ತಾರೆ. ಜೊಲ್ಲು ನೋಡಿದ್ದೇ ಬಾಗಿಲಲ್ಲೇ ನಿಂತುಬಿಟ್ಟರು.

"ಯಾರರ ಬಾಯಾಗ ಕೈ ಹಾಕೀರೇನ್ರಿ?"

ಆಯಿ ಹಳದಿ ಕೈ ಎತ್ತಿ ತೋರಿಸಿದರು. "ನಾ ಹಾಕೀನಿ. ದೇವರ ಭಂಡಾರ ಹಚ್ಚಾಕ."

"ಕೈಗೆ ಗಾಯ ಅದಾವೇನು?"

"ಹುಟ್ಟಿದಾಗಿಂದ ರೊಟ್ಟಿ ಬಡದ ಕೈ ಇದು, ಸಾಹೇಬ್ರ. ಗಾಯ ಇರದ ಯಾವಾಗ ಇತ್ತು?"

ಡಾಕ್ಟರು ನಗಲಿಲ್ಲ. ಮೊದಲು ಆಯಿಯ ಕೈಯನ್ನು ಸಾಬೂನು ಹಾಕಿ ಬಹಳ ಹೊತ್ತು ತೊಳೆಸಿದರು. ಆಮೇಲೆ ಕೈಗವಸು ಹಾಕಿಕೊಂಡರು. ನನ್ನ ಗಂಡ ಹಗ್ಗ ಬಿಗಿಹಿಡಿದು ನಿಂತರು. ಡಾಕ್ಟರು ಎಡಗಣ್ಣಿನ ಎದುರು ಅಂಗೈ ಬೀಸಿದರು. ಚಂದ್ರಿ ಬೆದರಿ ತಲೆ ಹಿಂದೆಳೆದಳು. ಆದರೆ ರೆಪ್ಪೆ ಮುಚ್ಚಲಿಲ್ಲ. "ಕಣ್ಣು ಕಾಣತೈತಿ. ನೋಡೂ ನರ ಛಲೋ ಐತಿ. ಮುಚ್ಚೂ ನರ ಹೋಗೈತಿ." ಹೊಳ್ಳೆಯೊಳಗೆ ಹುಲ್ಲುಕಡ್ಡಿ ಆಡಿಸಿದರು. ಬಲಗಡೆ ತಾಕಿದಾಗ ಮೂತಿ ಕೊಡವಿದಳು. ಎಡಗಡೆ ತಾಕಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ನಾಲಿಗೆ ಜಗ್ಗಿ ಬಿಟ್ಟರು. ಅದು ಒಳಗೆ ಹೋಗಲು ತಡಮಾಡಿತು. ಗಂಟಲಿನ ಹೊರಗೆ ಬೆರಳಿಟ್ಟು ಅವಳು ನುಂಗುವುದನ್ನು ಕಾದರು. ನಾವೂ ಕಾದೆವು.

"ಜನಾವರ ಇರಲಿ, ಮನಶ್ಯಾ ಇರಲಿ, ಮಿದುಳಿನಿಂದ ಸೀದಾ ಹೊರಡೂ ನರ ಹನ್ನೆರಡು ಜೋಡಿ, ಅಕ್ಕಾ. ವಾಸನಿ, ನೋಟ, ಅಗಿಯೂದು, ಕೇಳೂದು, ನುಂಗೂದು ಎಲ್ಲಾ ಅವುಗಳ ಕೈಯಾಗ. ಹೆಚ್ಚಿನವು ಮಿದುಳಿನ ಬುಡದಾಗ ಒತ್ತೊತ್ತಿ ಕುಂತಾವ. ಅಲ್ಲಿ ಒಂದ ಕಡಿ ಬಾವು ಬಂದ್ರ ಆ ಕಡಿ ಮಾರಿ ಪೂರ್ತಿ ಬೀಳತೈತಿ."

ಇಷ್ಟು ವರ್ಷ ಆ ಮುಖವನ್ನು ನೋಡಿದ್ದೆ, ತಿಕ್ಕಿ ತೊಳೆದಿದ್ದೆ, ಹಬ್ಬಕ್ಕೆ ಕುಂಕುಮ ಹಚ್ಚಿದ್ದೆ. ನೊಣ ಬಂದರೆ ಕಿವಿ ಆಡುವುದಕ್ಕೆ ಒಂದು ನರ, ಧೂಳು ಬಂದರೆ ರೆಪ್ಪೆ ಮುಚ್ಚುವುದಕ್ಕೆ ಒಂದು ನರ, ಒಂದು ಗುಟುಕು ನೀರು ಕೆಳಗಿಳಿಯುವುದಕ್ಕೆ ಮತ್ತಷ್ಟು ನರ ಬೇಕು, ಅವೆಲ್ಲ ಕೇಳದೆಯೇ ಕೆಲಸ ಮಾಡಿಕೊಂಡು ಹೋಗುತ್ತಿರುತ್ತವೆ ಅನ್ನುವುದು ನನಗೆ ಹೊಳೆದದ್ದು, ಅವು ನಿಂತ ಮೇಲೆ.

"ಹುಚ್ಚುನಾಯಿ ರೋಗ ಇರಬಹುದು," ಎಂದರು ಡಾಕ್ಟರು. "ಇಲ್ಲಾ ಲಿಸ್ಟೀರಿಯಾ ಅಂತ ಇನ್ನೊಂದೈತಿ. ಒಂದ ಕಡಿ ಮಾರಿ ಬಿದ್ದೈತಿ ಅಂದ್ರ ಎರಡನೇದು ಅನಸ್ತೈತಿ. ಆದ್ರ ಮಾರಿ ನೋಡಿ ಖಾತ್ರಿ ಹೇಳಾಕ ಆಗೂದಿಲ್ಲ. ಮೇವು ಏನು ಹಾಕೀರಿ?"

ನನ್ನ ಗಂಡ ಮುರಘಾಸದ ಚೀಲ ತೋರಿಸಿದರು. ಹಸಿ ಗೋವಿನಜೋಳದ ದಂಟು ಕತ್ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ತುಳಿದು, ಗಾಳಿ ಆಡದಂತೆ ಬಾಯಿ ಕಟ್ಟಿಡುವ ಮೇವು ಅದು. ಚೀಲವನ್ನು ಒಂದು ಮೂಲೆಯಲ್ಲಿ ಇಲಿ ಕಡಿದಿತ್ತು. ಅಲ್ಲಿಂದ ಬೂಸಲು ಹಿಡಿದಿತ್ತು. ಕಪ್ಪಾದಷ್ಟನ್ನು ಆರಿಸಿ ತೆಗೆದು ಉಳಿದದ್ದನ್ನು ಹಾಕುತ್ತಿದ್ದೆವು. ಮೇವನ್ನು ತಿಪ್ಪೆಗೆ ಎಸೆಯುವುದು ನಮ್ಮಲ್ಲಿ ಅನ್ನ ಚೆಲ್ಲಿದಷ್ಟೇ ಪಾಪ.

ಡಾಕ್ಟರು ಚೀಲ ಮೂಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಹಾಲು ಕಾಸಿ ಕುಡೀತೀರಿ, ಹೌದಲ್ರಿ?"

ಸುವರ್ಣಾ ಬಾಗಿಲಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು.

ಮುರಘಾಸ ಕೆಟ್ಟಾಗ ಈ ರೋಗದ ಕ್ರಿಮಿ ಅದರಲ್ಲಿ ಬೆಳೆಯುತ್ತದಂತೆ. ಹಾಲಿಗೂ ಇಳಿಯಬಹುದಂತೆ. ನಮ್ಮಂಥವರಿಗೆ ಹೊಟ್ಟೆ ಕೆಟ್ಟು ಅಷ್ಟಕ್ಕೇ ಬಿಡಬಹುದು. ಬಸುರಿಗೆ ಹಾಗಲ್ಲ. ತಾಯಿಗೆ ಸಣ್ಣ ಜ್ವರ ಬಂದು ಹೋಗುತ್ತದೆ, ಒಳಗೆ ಕೂಸು ಹೋಗಿರುತ್ತದೆ. ಅದೂ ಕೂಡಲೇ ಅಲ್ಲ, ಕುಡಿದು ವಾರಗಟ್ಟಲೆ ಆದ ಮೇಲೂ.

ಮರುದಿನ ಮನೆಮಂದಿಯೆಲ್ಲ ಸರ್ಕಾರಿ ದವಾಖಾನೆಯಲ್ಲಿ ನಾಯಿ ರೋಗದ ಇಂಜೆಕ್ಷನ್ ಶುರುಮಾಡಿದೆವು. ಬಸುರಿಗೂ ಅದರಿಂದ ಅಪಾಯವಿಲ್ಲ ಎಂದರು. ಅದೊಂದು ಸಮಾಧಾನ.

"ಈ ಸೂಜಿ ಚುಚ್ಚಿದ್ರ ನಾನೂ ಬೊಗಳತೀನೇನ?" ಎಂದರು ಆಯಿ.

"ಈಗೇನು ಕಡಿಮಿ ಐತೇನ ನಿಂದು?" ಎಂದಳು ಸುವರ್ಣಾ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ನಗುತ್ತಲೇ ನನ್ನ ಕೈ ಹಿಡಿದುಕೊಂಡಳು.

ಅಲ್ಲಿಂದ ಸೊಲ್ಲಾಪುರದ ಹೆರಿಗೆ ಡಾಕ್ಟರಮ್ಮನ ಹತ್ತಿರ ಹೋದೆವು. ಸೋನೋಗ್ರಫಿಯಲ್ಲಿ ಕೂಸು ಆಡುತ್ತಿತ್ತು. ಜ್ವರ ಇರಲಿಲ್ಲ. ರೋಗ ಯಾವುದೆಂದು ತಿಳಿಯದೆ ಸುಮ್ಮನೆ ಔಷಧಿ ಕೊಡಲಾರೆ ಎಂದರು. ಜ್ವರ ಬಂದರೆ, ಕೂಸಿನ ಆಟ ಕಡಿಮೆಯಾದರೆ, ಒಂದು ಗಳಿಗೆಯೂ ಕಾಯದೆ ಬನ್ನಿ ಎಂದರು. ಜನಾವರಕ್ಕೆ ಏನಾಗಿದೆ ಅನ್ನುವುದು ತಿಳಿದರೆ ನನಗೆ ಅರ್ಧ ದಾರಿ ಸಿಕ್ಕ ಹಾಗೆ ಎಂದೂ ಹೇಳಿದರು.

ಚಂದ್ರಿಗೆ ಪೆನಿಸಿಲಿನ್ ಶುರುವಾಗಿತ್ತು. ಮುಚ್ಚದ ಕಣ್ಣು ಒಣಗಬಾರದೆಂದು ಕೈಗವಸು ಹಾಕಿಕೊಂಡು ಮುಲಾಮು ಹಚ್ಚುತ್ತಿದ್ದೆ. ಜೊಲ್ಲಿನ ಜೊತೆ ಮೈಯೊಳಗಿನ ಕ್ಷಾರ ಹರಿದುಹೋಗುತ್ತದೆಂದು ಡಾಕ್ಟರು ನಳಿಗೆ ಹಾಕಿ ಸೋಡಾ ಬೆರೆಸಿದ ನೀರು ಬಿಡುತ್ತಿದ್ದರು. ಹಗ್ಗ ಬಿಚ್ಚಿದರೆ ಎಡಕ್ಕೇ ಸುತ್ತುತ್ತಿದ್ದಳು. ಅಂಗಳದಲ್ಲಿ ಅವಳ ಗೊರಸಿನ ದುಂಡು ಗುರುತು ಬಿತ್ತು. ಗೋಡೆ ಬಂದರೆ ಹಣೆ ಒತ್ತಿ ನಿಂತುಬಿಡುತ್ತಿದ್ದಳು. ಆಮೇಲೆ ಸುತ್ತುವುದೂ ನಿಂತಿತು. ಮಲಗಿದಳು.

ಮಲಗಿದವಳು ಏಳಲಿಲ್ಲ.

ನಮ್ಮಲ್ಲಿ ಸತ್ತ ಆಕಳಿಗೆ ಅರಿಷಿಣ ಕುಂಕುಮ ಹಚ್ಚಿ, ಹೊಸ ಬಟ್ಟೆ ಹೊದಿಸಿ, ಹೊಲದಲ್ಲೇ ಮಣ್ಣು ಮಾಡುತ್ತಾರೆ. ಮನೆಯ ಹೆಣ್ಣುಮಗಳನ್ನು ಕಳಿಸಿದ ಹಾಗೆ. ನಾನು ಕುಂಕುಮದ ಬಟ್ಟಲು ತಂದೆ. ಡಾಕ್ಟರು ಬಂದು ತಲೆ ತಗ್ಗಿಸಿ ನಿಂತರು.

"ಅಕ್ಕಾ, ತಲಿ ಬೇಕಾಗತೈತ್ರಿ."

ಮಿದುಳು ತೆಗೆದು ಲ್ಯಾಬಿಗೆ ಕಳಿಸಿದರೆ ಮಾತ್ರ ಎರಡರಲ್ಲಿ ಯಾವ ರೋಗ ಅನ್ನುವುದು ಖಚಿತವಾಗುತ್ತದೆ. ಅದಕ್ಕೆ ತಲೆಯನ್ನು ಬೇರೆ ಮಾಡಬೇಕು.

"ಲಕ್ಷ್ಮೀ ತಲಿ ಕಡಿಸ್ತೀರೇನ?" ಆಯಿ ಚಂದ್ರಿಯ ಕೊರಳ ಮೇಲೆ ಬಿದ್ದು ತಬ್ಬಿಕೊಂಡರು. "ಬೀರೋಬಾ ಸುಮ್ನ ಬಿಡ್ತಾನೇನ? ಹರಕಿ ಹೊತ್ತ ಮನಿ ಇದು! ನನ್ನ ಮೊದಲ ಕಡೀರಿ, ಆಮ್ಯಾಲ ಆಕಿನ್ನ."

"ಆಯಿ, ನೀ ಮ್ಯಾಲ ಏಳು. ಮುಟ್ಟಬ್ಯಾಡ," ಎಂದರು ನನ್ನ ಗಂಡ. ಆಮೇಲೆ ನನ್ನ ಮುಖ ನೋಡಿದರು. "ನೀ ಏನಂತಿ?"

ಹೆದರಿದ್ದೆ. ಸುಳ್ಳು ಯಾಕೆ ಹೇಳಲಿ. ದೇವರ ಸಿಟ್ಟು ಮಗಳ ಹೊಟ್ಟೆಗೆ ತಾಕೀತು ಅನ್ನುವ ಹೆದರಿಕೆ ಒಂದು ಕಡೆ. ಆ ಹೊಟ್ಟೆಯಲ್ಲಿ ಈಗಾಗಲೇ ಏನು ಸೇರಿಕೊಂಡಿದೆಯೋ ತಿಳಿಯದೆ ಕೂಡಬೇಕಲ್ಲ ಅನ್ನುವ ಹೆದರಿಕೆ ಇನ್ನೊಂದು ಕಡೆ. ಸುವರ್ಣಾ ಒಳಗೆ ಮಲಗಿದ್ದಳು. ಅವಳಿಗೆ ಕೇಳದ ಹಾಗೆ ಸಣ್ಣ ದನಿಯಲ್ಲಿ ಹೇಳಿದೆ.

"ಇಷ್ಟು ದಿನಾ ಹಾಲು ಕೊಟ್ಟಾಳ. ಇದನ್ನೂ ಕೊಡ್ತಾಳ. ಒಯ್ರಿ."

ಕುಂಕುಮ ಹಚ್ಚಿದೆ. ಒಳಗೆ ಹೋಗಿ ಮಗಳ ಪಕ್ಕ ಕೂತು ರೇಡಿಯೋ ದೊಡ್ಡದು ಮಾಡಿದೆ.

ಅವತ್ತಿನಿಂದ ಆಯಿ ನನ್ನ ಕೈಯ ಅಡುಗೆ ಉಣ್ಣಲಿಲ್ಲ. ತಾವೇ ಮೂಲೆಯಲ್ಲಿ ಒಲೆ ಹೂಡಿಕೊಂಡು ರೊಟ್ಟಿ ಬಡಿದುಕೊಂಡರು. ನನ್ನ ಜೊತೆ ಮಾತಿಲ್ಲ. ನಾನು ಅಕ್ಕಲಕೋಟೆಯ ಸ್ವಾಮಿಗಳ ಗುಡಿಗೆ ಹೋಗಿ ಕಂಬಕ್ಕೆ ಒರಗಿ ಕೂರುತ್ತಿದ್ದೆ. ಏನು ಬೇಡಬೇಕೋ ತಿಳಿಯುತ್ತಿರಲಿಲ್ಲ. ಮನೆಗೆ ಬಂದರೆ ಮೊದಲು ಮಗಳ ಹಣೆ ಮುಟ್ಟುತ್ತಿದ್ದೆ. "ಅವ್ವಾ, ಇನ್ನೊಮ್ಮಿ ಮುಟ್ಟಿದ್ರ ಹಣಿ ಸವೀತೈತಿ," ಎನ್ನುತ್ತಿದ್ದಳು.

ರಿಪೋರ್ಟ್ ಬಂತು. ಹುಚ್ಚುನಾಯಿ ರೋಗ ಅಲ್ಲ. ಲಿಸ್ಟೀರಿಯಾ.

ಡಾಕ್ಟರಮ್ಮನಿಗೆ ಫೋನಿನಲ್ಲಿ ತಿಳಿಸಿದಾಗ, ಜ್ವರ ಇಲ್ಲದಿರುವಾಗ ಔಷಧಿ ಬೇಡ, ಕಣ್ಣಿಟ್ಟಿರಿ ಎಂದರು. ಅದಾಗಿ ಸ್ವಲ್ಪ ದಿನಕ್ಕೆ ಸುವರ್ಣಾಳಿಗೆ ಜ್ವರ ಬಂತು.

ದೊಡ್ಡ ಜ್ವರವೇನಲ್ಲ. ಮೈ ಕೈ ನೋವು, ಒಂದಿಷ್ಟು ಚಳಿ. ಬೇರೆ ದಿನಗಳಾಗಿದ್ದರೆ ಕಷಾಯ ಕುಡಿಸಿ ಮಲಗಿಸುತ್ತಿದ್ದೆ. "ಬೆಳಿಗ್ಗೆಯಿಂದ ಕೂಸು ಸುಮ್ನ ಐತಿ, ಅವ್ವಾ," ಎಂದಳು ಸುವರ್ಣಾ. ಚಪ್ಪಲಿ ಮೆಟ್ಟಲಿಲ್ಲ, ಹಾಗೇ ಗಾಡಿ ಹತ್ತಿದೆವು. ಸೊಲ್ಲಾಪುರದ ರಸ್ತೆ ಅಷ್ಟು ಉದ್ದವಿದೆ ಎಂದು ಯಾವತ್ತೂ ಅನ್ನಿಸಿರಲಿಲ್ಲ. ಡಾಕ್ಟರಮ್ಮ ಚಂದ್ರಿಯ ರಿಪೋರ್ಟ್ ಓದಿದರು. ರಕ್ತವನ್ನು ಕಲ್ಚರಿಗೆ, ಅಂದರೆ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸಿದರು. ಅದರ ಫಲ ಬರಲು ದಿನಗಳು ಹಿಡಿಯುತ್ತವೆ, ಕಾಯುವುದಿಲ್ಲ ಎಂದು ಆಗಲೇ ಆಂಪಿಸಿಲಿನ್ ಸಲೈನಿಗೆ ಸೇರಿಸಿದರು. ಬೇರೆ ಜ್ವರವೆಂದುಕೊಂಡಿದ್ದರೆ ಬೇರೆಯೇ ಔಷಧಿ ಶುರುಮಾಡುತ್ತಿದ್ದರಂತೆ, ಅದು ಈ ಕ್ರಿಮಿಗೆ ತಾಕುತ್ತಲೇ ಇರಲಿಲ್ಲವಂತೆ.

ರಿಪೋರ್ಟ್ ಮೊದಲು, ಜ್ವರ ಆಮೇಲೆ. ಅದು ಹಿಂದುಮುಂದಾಗಲಿಲ್ಲ. ದೇವರ ದಯೆ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಅದನ್ನೇ.

ಕಲ್ಚರಿನಲ್ಲೂ ಅದೇ ಕ್ರಿಮಿ ಬೆಳೆಯಿತು. ಕೂಸು ದಿನ ತುಂಬುವ ಮೊದಲೇ ಹುಟ್ಟಿತು. ಹೆಣ್ಣು. ಅತ್ತದ್ದು ಬೆಕ್ಕಿನ ಮರಿಯ ಹಾಗೆ, ಸಣ್ಣಗೆ. ನೇರ ಗಾಜಿನ ಪೆಟ್ಟಿಗೆಗೆ ಒಯ್ದರು. ಮೂಗಿನಿಂದ ಸಣ್ಣ ನಳಿಗೆ, ಅದರಲ್ಲಿ ತಾಯಿಯ ಹಾಲು ಹನಿ ಹನಿ. ಚೀಪಲು, ನುಂಗಲು ಇನ್ನೂ ಬಂದಿಲ್ಲ ಎಂದರು. ನಾನು ಗಾಜಿನ ಹೊರಗೆ ನಿಂತು ನೋಡಿದೆ. ಕೂಸು ಮುಖ ಕಿವುಚಿದಾಗ ಎರಡೂ ರೆಪ್ಪೆ ಒಟ್ಟಿಗೆ ಬಿಗಿದವು. ತುಟಿ ಎರಡೂ ಕಡೆ ಸಮವಾಗಿ ಜಗ್ಗಿತು. ನರ್ಸ್ ಕೈಗವಸಿನ ಬೆರಳಿನಿಂದ ಕೆನ್ನೆ ಸವರಿದಾಗ ಆ ಕಡೆಗೆ ಬಾಯಿ ತಿರುಗಿಸಿತು. ಪಕ್ಕದಲ್ಲಿದ್ದವರಿಗೆ ನಾನು ಯಾಕೆ ಅತ್ತೆ ಅನ್ನುವುದು ತಿಳಿದಿರಲಿಕ್ಕಿಲ್ಲ.

ಆಯಿ ಒಂದು ದಿನ ಬಸ್ಸು ಹತ್ತಿ ಬಂದರು. ಗಾಜಿಗೆ ಮೂಗು ಒತ್ತಿ ಬಹಳ ಹೊತ್ತು ನಿಂತರು.

"ಮೂಗು ನಿನ್ನ ಗಂಡಂದ ಬಂದೈತಿ. ಪಾಪ," ಎಂದರು. ಅಷ್ಟು ದಿನಗಳ ನಂತರ ಅವರು ನನಗೆ ಹೇಳಿದ ಮೊದಲ ಮಾತು ಅದು. ಆಮೇಲೆ ನನ್ನ ಡಬ್ಬಿ ಬಿಚ್ಚಿ, ಕೇಳದೆಯೇ, ಅರ್ಧ ರೊಟ್ಟಿ ಮುರಿದು ತಿಂದರು.

ಈಗ ಎಲ್ಲರೂ ಮನೆಯಲ್ಲಿದ್ದೇವೆ. ಕೂಸು ತಾನೇ ಹಾಲು ಕುಡಿಯುತ್ತದೆ. ಆದರೂ ಮೈಗೂಡಿದೆ ಎಂದು ಬರೆಯಲು ಕೈ ಬರುವುದಿಲ್ಲ. ತಲೆಯ ಬೆಳವಣಿಗೆ ನೋಡಬೇಕು, ಕೇಳಿಸುತ್ತದೋ ಇಲ್ಲವೋ ಎಂದು ಮತ್ತೆ ಪರೀಕ್ಷೆ ಮಾಡಬೇಕು, ವರ್ಷ ತುಂಬುವವರೆಗೂ ಬರುತ್ತಿರಬೇಕು ಎಂದಿದ್ದಾರೆ. ಖಾತ್ರಿ ಯಾರೂ ಕೊಟ್ಟಿಲ್ಲ. ನಾನೂ ಕೇಳುವುದನ್ನು ಬಿಟ್ಟಿದ್ದೇನೆ. ಬೀರೋಬಾನ ಮುಂದೆ ಕೂತಾಗ ಈಗ ಇವತ್ತಿನ ದಿನವೊಂದನ್ನೇ ಬೇಡುತ್ತೇನೆ. ಇವತ್ತಿನವರೆಗೆ ಅವನು ಇಲ್ಲ ಅಂದಿಲ್ಲ.

ಒಳಗೆ ಕೂಸು ಅಳುತ್ತಿದೆ, ಹಟ ಹಿಡಿದು, ಜೋರಾಗಿ. ಸುವರ್ಣಾ ಸ್ನಾನಕ್ಕೆ ಹೋಗಿದ್ದಾಳೆ. ನಾನೇ ಎದ್ದು ಹೋಗಬೇಕು.