ಕೆಂಪು ಗೀಟು ಹಾಕಿದ ಪ್ರಶ್ನೆ

ಪರೀಕ್ಷೆಗೆ ಕೂತವರು ನಮ್ಮ ಯಜಮಾನರು, ಪುಸ್ತಕ ಓದಿದವಳು ನಾನು. ಮದುವೆಯಾಗಿ ರಾಜಾಜಿನಗರಕ್ಕೆ ಬಂದ ಎರಡನೇ ವರ್ಷದ ಮಾತು. ಬ್ಲಾಕುಗಳಿಗೆ ಕಲ್ಲು ನೆಟ್ಟು ನಂಬರು ಬರೆದಿದ್ದರು, ಮನೆಗಳು ಮಾತ್ರ ಅಲ್ಲೊಂದು ಇಲ್ಲೊಂದು. ನಮ್ಮ ಸಾಲಿನ ಹಿಂದೆ ಇನ್ನೂ ರಾಗಿ ಹೊಲ.

ಇವರು ಮಾಗಡಿ ರಸ್ತೆಯ ಒಂದು ಬಣ್ಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ನೂಲಿಗೆ ಬಣ್ಣ ಹಾಕುವ ತೊಟ್ಟಿಗಳಿಗೆ ಹಬೆ ಬೇಕು, ಹಬೆಗೆ ಬಾಯ್ಲರ್ ಬೇಕು, ಬಾಯ್ಲರ್ ನಡೆಸುವುದಕ್ಕೆ ಸರ್ಕಾರದ ಲೈಸೆನ್ಸ್ ಇರುವ ಎಂಜಿನಿಯರ್ ಒಬ್ಬರು ಬೇಕು. ಕಾಲೇಜಿಗೆ ಹೋಗದಿದ್ದರೂ ವರ್ಷಗಟ್ಟಲೆ ಬಾಯ್ಲರ್ ಮನೆಯಲ್ಲಿ ದುಡಿದವರು ಆ ಲೈಸೆನ್ಸಿನ ಪರೀಕ್ಷೆಗೆ ಕೂರಬಹುದಿತ್ತು. ಆದರೆ ಅದು ಇಂಗ್ಲಿಷಿನಲ್ಲಿ. ಇವರು ಮಿಡ್ಲ್‌ಸ್ಕೂಲಿಗೇ ಓದು ಬಿಟ್ಟಿದ್ದರು, ನಾನು ಹೈಸ್ಕೂಲು ಮುಗಿಸಿದ್ದೆ.

ದಿನಾ ಬೆಳಿಗ್ಗೆ ನಾನು ಒಲೆಯ ಮುಂದೆ ರೊಟ್ಟಿ ತಟ್ಟುತ್ತಾ ಪ್ರಶ್ನೋತ್ತರದ ಪುಸ್ತಕ ಓದುತ್ತಿದ್ದೆ. ಒಂದು ಪ್ರಶ್ನೆ, ಅದರ ಉತ್ತರ, ಆಮೇಲೆ ಕನ್ನಡದಲ್ಲಿ ಅರ್ಥ. ಇವರು ಕೇಳಿಸಿಕೊಂಡು, ಅದು ನಿಜವಾಗಿ ಹೇಗೆ ನಡೆಯುತ್ತೆ ಅಂತ ನನಗೆ ವಿವರಿಸುತ್ತಿದ್ದರು. ಬಾಯ್ಲರನ್ನು ಕಣ್ಣಿಂದ ನೋಡದೆಯೇ ನಾನು ಅದರ ಹೊಟ್ಟೆಯೊಳಗಿನದನ್ನೆಲ್ಲ ತಿಳಿದುಕೊಂಡೆ. ನೀರು ಎಲ್ಲಿರುತ್ತೆ, ಬೆಂಕಿ ಎಲ್ಲಿರುತ್ತೆ, ಅವೆರಡರ ನಡುವೆ ಎಷ್ಟು ದಪ್ಪದ ಉಕ್ಕು ಇರುತ್ತೆ.

ಪುಸ್ತಕ ಕೊಟ್ಟವರು ಕಾರ್ಖಾನೆಯ ಮುದಿ ಎಂಜಿನಿಯರು. ಬಾಯ್ಲರ್ ಇದ್ದದ್ದು ಅವರ ಲೈಸೆನ್ಸಿನ ಮೇಲೆ. ಭಾನುವಾರ ಭಾನುವಾರ ಛತ್ರಿ ಹಿಡಿದು ನಡೆದೇ ಬಂದು, ಚಾಪೆಯ ಮೇಲೆ ಕೂತು, ಚಿತ್ರ ಬರೆದು ಇವರಿಗೆ ಪಾಠ ಹೇಳುತ್ತಿದ್ದರು. ಕಾಫಿ ಬಿಟ್ಟು ಏನೂ ಮುಟ್ಟುತ್ತಿರಲಿಲ್ಲ. ಇವರು ಬೇಗ ಪಾಸಾಗಿಬಿಟ್ಟರೆ ತಾವು ಹಾಯಾಗಿ ಮಗಳ ಮನೆಗೆ ಹೋಗಿ ಇದ್ದುಬಿಡಬಹುದು ಅನ್ನುತ್ತಿದ್ದರು. ಸ್ವಂತ ತಂದೆಯೂ ಇಷ್ಟು ಆಸ್ಥೆ ವಹಿಸುತ್ತಿರಲಿಲ್ಲ ಅಂದುಕೊಳ್ಳುತ್ತಿದ್ದೆ. ಪುಸ್ತಕದಲ್ಲಿ ಮುಖ್ಯವಾದ ಪ್ರಶ್ನೆಗಳಿಗೆ ಅವರೇ ಗುರುತು ಹಾಕಿಕೊಟ್ಟಿದ್ದರು. ಒಂದೇ ಒಂದು ಪ್ರಶ್ನೆಗೆ ಮಾತ್ರ ಕೆಂಪು ಪೆನ್ಸಿಲಿನಲ್ಲಿ ಅಡ್ಡ ಗೀಟು ಎಳೆದು, ಬೇಡ, ಇದನ್ನು ಕೇಳುವುದಿಲ್ಲ ಅಂತ ಬರೆದಿದ್ದರು.

ಶ್ರಾವಣದ ಒಂದು ಬೆಳಿಗ್ಗೆ ನಾನು ಅದನ್ನೂ ಓದಿದೆ. ಬೇಕಂತ ಅಲ್ಲ, ಸಾಲಾಗಿ ಓದಿಕೊಂಡು ಹೋಗುವ ಅಭ್ಯಾಸ, ಅಷ್ಟೆ. ಬೆಂಕಿಯ ಗೂಡಿನ ನೆತ್ತಿಯಲ್ಲಿ ಒಂದು ಸಣ್ಣ ಪ್ಲಗ್ಗು ಇರುತ್ತೆ, ಅದರ ನಡುವೆ ಸೀಸ ತುಂಬಿರುತ್ತಾರೆ. ಬಾಯ್ಲರಿನಲ್ಲಿ ನೀರು ಇಳಿದು ನೆತ್ತಿ ಕಾದರೆ ಮೊದಲು ಆ ಸೀಸ ಕರಗಿ, ಹಬೆಯೂ ನೀರೂ ಬೆಂಕಿಯ ಮೇಲೆ ಸುರಿದು ಎಚ್ಚರಿಕೆ ಕೊಡುತ್ತೆ. ಅದಿಲ್ಲದಿದ್ದರೆ ಏನಾಗುತ್ತೆ ಅನ್ನುವುದು ಪ್ರಶ್ನೆ. ಉತ್ತರದ ಕೊನೆಯ ಸಾಲನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ: ಉಕ್ಕು ಮೆತ್ತಗಾಗಿ, ಯಾವ ಸೂಚನೆಯೂ ಇಲ್ಲದೆ ಬಾಯ್ಲರ್ ಒಡೆಯುತ್ತೆ.

ದಿನದ ಹಾಗೆ ಇವರ ವಿವರಣೆಗೆ ಕಾದೆ. ಹೆಂಚಿನ ಮೇಲಿನ ರೊಟ್ಟಿ ಸೀದ ಮೇಲೆ ನಾನು ತಿರುಗಿ ನೋಡಿದೆ.

"ನಮ್ಮದರಲ್ಲಿ ಸೀಸ ಇಲ್ಲ ಕಣೇ," ಅಂದರು.

ಆಮೇಲೆ ಒಂದೊಂದಾಗಿ ಹೇಳಿದರು. ಎರಡು ವರ್ಷದ ಹಿಂದೆ, ದೀಪಾವಳಿಯ ಮಾಲು ತುಂಬಾ ಇದ್ದ ಕಾಲದಲ್ಲಿ, ಆ ಪ್ಲಗ್ಗು ಒಂದೇ ವಾರದಲ್ಲಿ ಎರಡು ಸಲ ಕರಗಿ ಕೆಲಸ ನಿಂತಿತ್ತು. ಮಾಲೀಕರು ಸಿಟ್ಟಾಗಿ ಅಲ್ಲಿಗೊಂದು ಗಟ್ಟಿ ಬೋಲ್ಟು ಹಾಕಿ ಅಂದರು. ಕಬ್ಬಿಣದ ಬೋಲ್ಟನ್ನು ಲೇತ್ ಯಂತ್ರದಲ್ಲಿ ತಿರುವಿ, ಗೂಡಿನೊಳಗೆ ಅಂಗಾತ ಮಲಗಿ ಅದನ್ನು ಕೂರಿಸಿದವರು ಇವರೇ. ಸೋರುವ ನಲ್ಲಿ ರಿಪೇರಿ ಮಾಡಿದ ಹಾಗೆ ಅಂದುಕೊಂಡಿದ್ದರಂತೆ. ವರ್ಷಕ್ಕೊಮ್ಮೆ ಸರ್ಕಾರದ ಇನ್ಸ್‌ಪೆಕ್ಟರು ಬರುವ ಮುಂಚೆ ಸೀಸದ ಪ್ಲಗ್ಗು ಹಾಕುವುದು, ಅವರು ಹೋದ ಮೇಲೆ ಮತ್ತೆ ಬೋಲ್ಟು. ಮುದಿ ಎಂಜಿನಿಯರಿಗೆ ಎಲ್ಲವೂ ಗೊತ್ತಿತ್ತು.

ಆ ಭಾನುವಾರ ಇವರು ಅವರನ್ನು ನೇರವಾಗಿ ಕೇಳಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಮುದುಕರು ಹೊರಡುವವರ ಹಾಗೆ ಛತ್ರಿ ಕೈಗೆತ್ತಿಕೊಂಡರು.

"ಮೊದಲು ಪಾಸಾಗಪ್ಪ," ಅಂದರು. "ಲೈಸೆನ್ಸ್ ನಿನ್ನ ಹೆಸರಿಗೆ ಬರಲಿ. ಆಮೇಲೆ ನಿಂಗೆ ಸರಿ ಕಂಡ ಹಾಗೆ ಮಾಡು."

ಇಷ್ಟು ದಿನ ಅವರು ನಡೆದು ಬಂದದ್ದು ಯಾತಕ್ಕೆ ಅನ್ನುವುದು ನಮಗಿಬ್ಬರಿಗೂ ಆಗ ತಿಳಿಯಿತು. ಬಾಯ್ಲರ್ ಒಡೆಯುವ ಹೊತ್ತಿಗೆ ಅದು ಬೇರೊಬ್ಬರ ಹೆಸರಿನಲ್ಲಿರಬೇಕಿತ್ತು. ಮುಂದಿನ ಭಾನುವಾರ ಅವರು ಬರಲಿಲ್ಲ, ಆಮೇಲೂ ಬರಲಿಲ್ಲ.

ಈಗಲೇ ಹೋಗಿ ಇನ್ಸ್‌ಪೆಕ್ಟರಿಗೆ ಹೇಳಿಬಿಡಿ ಅಂತ ನಾನು ಒಂದು ಸಲ ಅಂದೆ, ಒಂದೇ ಸಲ. ಇವರು ಲೆಕ್ಕ ಹಾಕಿ ಇಟ್ಟಿದ್ದರು. ಬಾಯಿ ಬಿಟ್ಟರೆ ಕೆಲಸದಿಂದ ತೆಗೆಯುತ್ತಾರೆ, ಕಾರ್ಖಾನೆಯ ಸರ್ವೀಸ್ ಕಾಗದವಿಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆ ದಸರೆಯಾದ ಮೇಲೆ. ಎರಡು ವರ್ಷ ತಡೆದದ್ದು ಇನ್ನು ಕೆಲವು ವಾರ ತಡೆಯುತ್ತೆ, ಅಷ್ಟು ದಿನ ನೀರಿನ ಮಟ್ಟವನ್ನು ನಾನೇ ಕಾಯ್ತೀನಿ ಅಂದರು. ನಾನು ಹೂಂ ಅಂದೆ. ಎಂಜಿನಿಯರ ಹೆಂಡತಿ ಅನ್ನಿಸಿಕೊಳ್ಳುವ ಆಸೆ ನನಗೂ ಇತ್ತು. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ?

ಆಮೇಲಿನ ದಿನಗಳನ್ನು ನಾನು ಕಿವಿಯಲ್ಲೇ ಕಳೆದೆ. ಎಲ್ಲೋ ಗಾಡಿಯಿಂದ ಕಲ್ಲು ಸುರಿದರೂ ಪಾತ್ರೆ ಕೈಯಿಂದ ಜಾರುತ್ತಿತ್ತು. ಇವರು ಊಟದ ಹೊತ್ತಿಗೂ ಬಾಯ್ಲರ್ ಬಿಟ್ಟು ಕದಲುತ್ತಿರಲಿಲ್ಲ. ಮನೆಗೆ ಬಂದು ಚಾಪೆಯ ಮೇಲೆ ಕೂತರೂ ಕಣ್ಣು ಗೋಡೆಯ ಮೇಲೆ ಒಂದು ಎತ್ತರದಲ್ಲಿ ನೆಟ್ಟಿರುತ್ತಿತ್ತು, ಅಲ್ಲಿ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಇದೆಯೇನೋ ಅನ್ನುವ ಹಾಗೆ.

ಬಾಯ್ಲರಿಗೆ ಸೌದೆ ಹಾಕುವವನ ಮನೆ ನಮ್ಮಿಂದ ನಾಲ್ಕನೆಯದು. ಮಾರೇನಹಳ್ಳಿ ಕಡೆಯ ಒಕ್ಕಲು ಮನೆತನದವನು, ಇವರಿಗಿಂತ ಸ್ವಲ್ಪ ಚಿಕ್ಕವನು. ಅವನ ಹೆಂಡತಿ ದಿನಾ ಮಧ್ಯಾಹ್ನ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಅವನಿಗೆ ಬುತ್ತಿ ಒಯ್ಯುತ್ತಿದ್ದಳು. ನಲ್ಲಿಯ ಹತ್ತಿರ ಒಂದು ದಿನ ತಡೆಯಲಾರದೆ ಹೇಳಿದೆ, ಒಳಗೆ ಹೋಗಬೇಡ, ಗೇಟಿನಲ್ಲೇ ಕೊಟ್ಟು ಬಂದುಬಿಡು ಅಂತ.

"ಅಯ್ಯೋ, ಒಳಗೆ ಬೆಚ್ಚಗಿರ್ತದೆ ಅಕ್ಕ," ಅಂದಳು. "ಕೂಸು ಅಲ್ಲೇ ಸೌದೆ ಪಕ್ಕ ಮಲಗಿಬಿಡ್ತದೆ."

ನಾನು ಕೊಡ ಎತ್ತಿಕೊಂಡು ಮನೆಗೆ ಬಂದೆ. ಹೇಳಬೇಕಾದ್ದನ್ನು ಹೇಳಲಿಲ್ಲ.

ಪರೀಕ್ಷೆಯ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದರು. ಬರೆಯುವ ಪರೀಕ್ಷೆ ಚೆನ್ನಾಗಿಯೇ ಆಯಿತಂತೆ. ಮಧ್ಯಾಹ್ನ ಬಾಯಿ ಪರೀಕ್ಷೆ. ಮೇಜಿನ ಆಚೆ ಕೂತ ಮೂವರಲ್ಲಿ ಕಾರ್ಖಾನೆಗೆ ಬರುತ್ತಿದ್ದ ಇನ್ಸ್‌ಪೆಕ್ಟರೂ ಒಬ್ಬರು. ಅವರು ಇವರ ಗುರುತು ಹಿಡಿದು, ಸುಲಭವಾದ್ದನ್ನೇ ಕೇಳೋಣ ಅನ್ನುವ ಧಾಟಿಯಲ್ಲಿ, ನೀರು ಇಳಿದದ್ದು ಯಾರಿಗೂ ಗೊತ್ತಾಗದೆ ಹೋದರೆ ಬಾಯ್ಲರನ್ನು ಕಾಪಾಡುವುದು ಯಾವುದು ಅಂತ ಕೇಳಿದರು. ಇವರಿಗೆ ಉತ್ತರ ಬಾಯಿಪಾಠವಾಗಿತ್ತು. ಅದನ್ನು ಹೇಳಿ ಎದ್ದು ಬಂದಿದ್ದರೆ ಲೈಸೆನ್ಸ್ ಕೈಗೆ ಬರುತ್ತಿತ್ತು. ಹೇಳಿದರು. ಇನ್ಸ್‌ಪೆಕ್ಟರು ತಲೆಯಾಡಿಸಿ ಕಾಗದದ ಮೇಲೆ ಏನೋ ಬರೆದುಕೊಂಡರು. ಆಮೇಲೂ ಇವರು ಏಳಲಿಲ್ಲವಂತೆ.

"ನಮ್ಮಲ್ಲಿ ಅದಿಲ್ಲ ಸಾರ್," ಅಂದರಂತೆ. "ಬೋಲ್ಟಿದೆ. ಹಾಕಿದವನು ನಾನೇ."

ಮಾರನೆಯ ದಿನ ಇನ್ಸ್‌ಪೆಕ್ಟರು ಹೇಳದೆ ಕೇಳದೆ ಬಂದು ಬೆಂಕಿ ಆರಿಸಿದರು. ಬಾಯ್ಲರ್ ತಣ್ಣಗಾಗುವುದಕ್ಕೆ ಎರಡು ದಿನ ಹಿಡಿಯಿತು. ಇವರನ್ನೂ ಕರೆದುಕೊಂಡು ಗೂಡಿನೊಳಗೆ ತೂರಿ ದೀಪ ಹಿಡಿದು ನೋಡಿದರಂತೆ. ನೆತ್ತಿಯ ಪ್ಲೇಟು ಬಸುರಿ ಮೇಕೆಯ ಹೊಟ್ಟೆಯ ಹಾಗೆ ಕೆಳಕ್ಕೆ ಜೋತಿತ್ತು. ಹಿಂದಿನ ತಪಾಸಣೆಯಾದ ಮೇಲೆ, ಇವರು ಕಾವಲು ಶುರು ಮಾಡುವ ಮುಂಚೆಯೇ ಯಾವಾಗಲೋ ನೀರು ಇಳಿದು ಅದು ಮೆತ್ತಗಾಗಿತ್ತು. ನೀರಿನ ಮಟ್ಟ ಕಾಯ್ದುಕೊಂಡು ಇವರು ನಿಂತಿದ್ದದ್ದು ಆಗಲೇ ಅರ್ಧ ಸೋತ ಉಕ್ಕಿನ ಎದುರಿಗೆ. ಇದು ಇಷ್ಟು ದಿನ ಹೇಗೆ ನಿಂತಿತು ಅಂತ ಇನ್ಸ್‌ಪೆಕ್ಟರು ತಮ್ಮಷ್ಟಕ್ಕೆ ಅಂದುಕೊಂಡರಂತೆ.

ಕಾರ್ಖಾನೆ ಮುಚ್ಚಿತು. ಇವರ ಫಲಿತಾಂಶ ಬರಲೇ ಇಲ್ಲ, ನಾವು ಕೇಳಲೂ ಇಲ್ಲ. ಬೀದಿಯಲ್ಲಿ ಅರ್ಧಕ್ಕರ್ಧ ಮನೆಯವರು ಅಲ್ಲೇ ದುಡಿಯುತ್ತಿದ್ದವರು. ನಾನು ನಲ್ಲಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸಿ, ತುಂಬದ ಕೊಡವನ್ನೇ ಎತ್ತಿಕೊಂಡು ಹೋಗುತ್ತಿದ್ದರು.

ಸೌದೆ ಹಾಕುವವನಿಗೆ ಮಂಡ್ಯದ ಕಡೆ ಕೆಲಸ ಸಿಕ್ಕಿತು. ಹೊರಡುವ ದಿನ ಬೆಳಿಗ್ಗೆ, ಜಟಕಾದಲ್ಲಿ ಹೆಂಡತಿಯನ್ನೂ ಕೂಸನ್ನೂ ಕೂರಿಸಿ, ನಮ್ಮ ಬಾಗಿಲಿಗೆ ಬಂದ. ಒಳಗೆ ಬಾ ಅಂದರೆ ಬರಲಿಲ್ಲ.

"ಅಣ್ಣ, ನಿಮಗೆ ಯಾವಾಗಿಂದ ಗೊತ್ತಿತ್ತು?" ಅಂತ ಕೇಳಿದ.

"ಶ್ರಾವಣದಿಂದ," ಅಂದರು ಇವರು.

ಅವನು ಬೈಯುತ್ತಾನೆ ಅಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು. ಬರ್ತೀನಿ ಅಂತಲೂ ಹೇಳದೆ ಹೋಗಿ ಜಟಕಾ ಹತ್ತಿದ. ನನ್ನನ್ನು ಅವನು ಏನೂ ಕೇಳಲಿಲ್ಲ. ಕೇಳಿದ್ದರೆ ನಾನೂ ಶ್ರಾವಣ ಅನ್ನಬೇಕಾಗಿತ್ತು.