ಡ್ರಾಯರಿಗೆ ಹೋಗುವ ಟಿಶ್ಯೂ ಡಬ್ಬಿ

ಆಪ್ತಸಮಾಲೋಚನೆ ಕಲಿಯುತ್ತಿರುವ ಈ ಹುಡುಗಿಯದು ಅಪ್ಪಟ ಹೆಂಗರುಳು. ಹೆಂಗಸರು ಬಂದು ಕೂತರೆ ಸಾಕು, ಟಿಶ್ಯೂ ಡಬ್ಬಿ ಮುಂದೆ ತಳ್ಳಿ, "ಅತ್ತುಬಿಡಿ ಅಕ್ಕಾ, ಹಗುರಾಗುತ್ತೆ" ಅನ್ನುತ್ತಾಳೆ. ವಿಳಾಸ ಕೇಳಲು ಬಂದವಳೂ ಅತ್ತು ಹೋದದ್ದುಂಟು. ಗಂಡಸರು ಬಂದರೆ ಮಾತ್ರ ಡಬ್ಬಿ ಡ್ರಾಯರಿಗೆ ಹೋಗುತ್ತದೆ. ಪಾಪ, ಅವರಿಗೆ ಮುಜುಗರವಾಗಬಾರದಲ್ಲ! "ನೀವೇ ಕುಸಿದ್ರೆ ಮನೆಯವರ ಗತಿಯೇನು ಸಾರ್? ಮುಂದೇನು ಮಾಡ್ತೀರಿ, ಅದನ್ನ ಹೇಳಿ." ಕೆಲಸ ಕಳೆದುಕೊಂಡ ಬಸ್ ಡ್ರೈವರನಿಗೂ ಹೋದ ವಾರ ಅದನ್ನೇ ಹೇಳಿದ್ದಳು. ಅವನು ತೋಳಿನಿಂದ ಕಣ್ಣೊರೆಸಿಕೊಂಡು, "ಸರಿ ಮೇಡಂ" ಎಂದು ಎದ್ದು ಹೋದವನು ಮಾರನೆಯ ದಿನವೇ ಆತ್ಮಹತ್ಯೆ ಮಾಡಿಕೊಂಡ. ಇಂದು ಅದೇ ಕುರ್ಚಿಯಲ್ಲಿ ಅವನ ಹೆಂಡತಿ ಕೂತಿದ್ದಾಳೆ. ಹುಡುಗಿ ಅಭ್ಯಾಸಬಲದಿಂದ ಮುಂದೆ ತಳ್ಳಿದ ಡಬ್ಬಿಯನ್ನೇ ನೋಡುತ್ತ ಅವಳು ಕೇಳಿದಳು: "ಮನೇಲಂತೂ ಅವರು ಒಂದ್ಸಲಾನೂ ಅಳ್ಲಿಲ್ಲ. ಇಲ್ಲಾದ್ರೂ ಅತ್ರಾ ಮೇಡಂ?"