ಭಾವನ ಗೋಡೆಯ ಬುಟ್ಟಿಗಳು

ನನ್ನ ಭಾವ ದೊಡ್ಡ ಫ್ಯಾಷನ್ ಡಿಸೈನರ್. ಅವನ ಜೀವನ, ಪ್ರೇಮ, ಕಲಾಸಂಗ್ರಹ ಮೂರನ್ನೂ ಸೇರಿಸಿ ಯಾರೋ ಸಾಕ್ಷ್ಯಚಿತ್ರ ಮಾಡಿದ್ದಾರೆ. ಅಂಥವನನ್ನು ಕೂರಿಸಿಕೊಂಡು ಸಿನಿಮಾ ಮಾಡುವವರೂ ಇದ್ದಾರಲ್ಲ, ಅವರ ಪುರುಸೊತ್ತಿಗೆ ದೊಡ್ಡ ನಮಸ್ಕಾರ.

ಸೊರಬದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕಿಷ್ಕಿಂಧೆಯಂಥ ಅಂಗಡಿಯಲ್ಲಿ ಅವನು ಬ್ಲೌಸ್ ಹೊಲಿಯುತ್ತಿದ್ದ. ಕೆಟ್ಟದಾಗಿ ಹೊಲಿಯುತ್ತಿದ್ದ ಅನ್ನಲಾರೆ. ಕೈ ಒಳ್ಳೆಯದಿತ್ತು, ಬುದ್ಧಿ ಮಾತ್ರ ನೆಟ್ಟಗಿರಲಿಲ್ಲ. ನನ್ನ ಅಕ್ಕನನ್ನು ಮದುವೆಯಾಗಿ, ತನ್ನ ಊರು ಹೊಸಬಾಳೆಯ ಮನೆಯಲ್ಲಿ ಕೆಲವು ವರ್ಷ ಸಂಸಾರ ಮಾಡಿ, ಮುಂಬೈಗೆ ಹೋದವನು ಅಲ್ಲೇ ಉಳಿದುಬಿಟ್ಟ. ಜಗಳವಿಲ್ಲ, ವಿಚ್ಛೇದನವಿಲ್ಲ. ಅಕ್ಕ ಅತ್ತೆಯ ಸೇವೆ ಮಾಡಿಕೊಂಡು ಅಲ್ಲೇ ಇದ್ದಳು. ಅತ್ತೆ ಹೋದ ಮೇಲೂ ಅಲ್ಲೇ ಇದ್ದಾಳೆ, ಕೊರಳಲ್ಲಿ ತಾಳಿ, ಹಣೆಯಲ್ಲಿ ಕುಂಕುಮ. ಅವಳನ್ನು ಅರಿಶಿನ ಕುಂಕುಮಕ್ಕೆ ಕರೆಯಬೇಕೋ ಬೇಡವೋ ಎಂದು ಊರ ಹೆಂಗಸರು ಪಿಸುಗುಟ್ಟುತ್ತಾರೆ. ಅವರಿಗೂ ಬೇರೆ ಕಸುಬಿಲ್ಲ.

ನಮ್ಮ ಕಡೆ ಭೂಮಿ ಹುಣ್ಣಿಮೆಗೆ ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಾರೆ. ಬಸುರಿ ಭೂಮಿಗೆ ಬಯಕೆಯ ಊಟ ಅದರಲ್ಲೇ ಗದ್ದೆಗೆ ಹೋಗಬೇಕು. ಹಬ್ಬ ಮುಗಿದದ್ದೇ ಭಾವನ ಫೋನ್ ಬರುತ್ತಿತ್ತು, ಬುಟ್ಟಿ ಕಳಿಸು, ನೋಡಿದರೆ ಮನೆಯ ನೆನಪಾಗುತ್ತದೆ ಅಂತ. ಅದನ್ನೇ ನಂಬಿ ಅಕ್ಕ ಬುಟ್ಟಿಯನ್ನು ಹಳೇ ಪಂಚೆಯಲ್ಲಿ ಸುತ್ತಿ ಮುಂಬೈ ಬಸ್ಸಿಗೆ ಹಾಕಿಸುತ್ತಿದ್ದಳು. ಪ್ರತಿ ವರ್ಷವೂ. ಬೆಣ್ಣೆಮಾತಿಗೆ ಕರಗುವುದರಲ್ಲಿ ನಮ್ಮಕ್ಕನನ್ನು ಮೀರಿಸುವವರಿಲ್ಲ.

ಸಿನಿಮಾದವರು ಹೊಸಬಾಳೆಗೆ ಬರುತ್ತಾರೆಂದು ಗೊತ್ತಾದಾಗ ಅಕ್ಕ ನನ್ನನ್ನು ಶಿಕಾರಿಪುರದಿಂದ ಕರೆಸಿಕೊಂಡಳು. ಮದುವೆಯ ರೇಷ್ಮೆ ಸೀರೆ ಉಟ್ಟು ಕೂತಿದ್ದಳು.

"ನಾನು ಅವರ ಹೆಂಡತಿ ಅಂತ ಆ ಸಿನಿಮಾದಲ್ಲಿ ಬಂದ್ರೆ ಸಾಕು ಕಣೇ. ಮತ್ತೇನೂ ಬ್ಯಾಡ. ಊರೋರ ಬಾಯಿ ಮುಚ್ತದೆ."

ನಿರ್ದೇಶಕಿ ಬೆಂಗಳೂರಿನ ಹುಡುಗಿ. ಕೇಳಿದ್ದೂ ಇಷ್ಟೇ: "ಮೇಡಂ, ಅವರ ಹೆಸರು ಹೇಳಿ, ನಾನು ಅವರ ಹೆಂಡತಿ ಅಂತ ಕ್ಯಾಮೆರಾ ನೋಡಿ ಒಂದ್ಸಲ ಹೇಳಿಬಿಡಿ."

ಅಕ್ಕ ಬಾಯಿಗೆ ಸೆರಗು ಹಿಡಿದಳು. "ಅಯ್ಯೋ, ಹೆಸರು ಹೇಳಬಾರದು. ಅವರ ಆಯಸ್ಸು ಕಮ್ಮಿ ಆಗ್ತದೆ."

ನನಗೆ ಮೈಯೆಲ್ಲ ಉರಿದುಹೋಯಿತು. "ಹೇಳೇ ಮಾರಾಯ್ತಿ! ಕಮ್ಮಿ ಆದ್ರೆ ಆಗ್ಲಿ. ಅವನ ಆಯಸ್ಸು ಇಟ್ಕಂಡು ನೀನೇನು ಉಪ್ಪಿನಕಾಯಿ ಹಾಕ್ತೀಯಾ? ಮದುವೇಲಿ ಬಾಗಿಲು ತಡೆದಾಗ ಒಡಪು ಕಟ್ಟಿ ಅವನ ಹೆಸರು ಹೇಳಿರಲಿಲ್ವಾ?"

"ಅದು ಬಾಗಿಲಲ್ಲಿ ಹೇಳೋದು, ಇವರ ಎದುರಿಗಲ್ಲ" ಎಂದಳು.

ಇಡೀ ಮಧ್ಯಾಹ್ನ ಅವಳು "ನಮ್ಮನೆಯವರು" ಅನ್ನುವುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ನೋಡುವವರಿಗೆ ಯಾರೆಂದು ತಿಳಿಯಬೇಡವೇ ಎಂದು ನಿರ್ದೇಶಕಿ ಎರಡು ಮೂರು ಸಲ ಬೇಡಿಕೊಂಡಳು, ಆಮೇಲೆ ಗಡಿಯಾರ ನೋಡಿದಳು. ಕೊನೆಗೆ ಅಕ್ಕನ ಮುಂದೆ ಒಂದು ಬುಟ್ಟಿ ಇಡಿಸಿ, ಚಿತ್ತಾರ ಬರೆಯುವುದನ್ನು ಚಿತ್ರೀಕರಿಸಿಕೊಂಡು ಹೊರಟುಹೋದರು. ಕಟ್ಟಿಕೊಂಡ ಹೆಂಡತಿಯನ್ನು ಬಿಟ್ಟವನ ಆಯಸ್ಸನ್ನು ಆ ಹೆಂಡತಿಯೇ ಕಾಯುವುದು! ಇಂಥ ಪಾತಿವ್ರತ್ಯಕ್ಕೆ ಏನನ್ನಬೇಕೋ ನನಗೆ ಗೊತ್ತಿಲ್ಲ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅವಳನ್ನೂ ಬೈದುಕೊಂಡೆ.

ಸಿನಿಮಾ ಬಂದಾಗ ಅಕ್ಕ ಶಿಕಾರಿಪುರಕ್ಕೆ, ನಮ್ಮ ಮನೆಗೆ ಬಂದಳು. ಟಿವಿ ಎದುರು ನೆಟ್ಟಗೆ ಕೂತಳು. ಪಕ್ಕದ ಮನೆಯಾಕೆಯೂ ಬಂದು ಸೇರಿಕೊಂಡಳು, ಕರೆದಿರಲಿಲ್ಲ. ಭಾವ ಬಿಳಿ ಸೋಫಾದ ಮೇಲೆ ಕೂತು, ಬಿಳಿ ನಾಯಿಯ ತಲೆ ಸವರುತ್ತ, ತಾನು ಬಡತನದಲ್ಲಿ ಬೆಳೆದದ್ದನ್ನು ಹೇಳಿ ಕಣ್ಣೊರೆಸಿಕೊಂಡ. ಬಡತನವಂತೆ! ಅವನ ಹೊಲಿಗೆ ಯಂತ್ರ ನಮ್ಮಪ್ಪ ಕೊಡಿಸಿದ್ದು. ಆಮೇಲೆ ಪ್ರೇಮದ ಭಾಗ ಬಂತು. ಪೇಂಟಿಂಗ್‌ಗಳ ವ್ಯಾಪಾರ ಮಾಡುವ ಹೆಂಗಸೊಬ್ಬಳ ಕೈ ಹಿಡಿದು, ನನ್ನ ಬಾಳಿಗೆ ಬಂದ ಮೊದಲ ಹಾಗೂ ಕೊನೆಯ ಹೆಣ್ಣು ಇವಳೇ ಅಂದ. ನಾನು ಅಕ್ಕನ ಕಡೆ ನೋಡಲಿಲ್ಲ.

ಆಮೇಲೆ ಅವನ ಸಂಗ್ರಹ. ಒಂದಿಡೀ ಗೋಡೆಯ ತುಂಬ ಅಕ್ಕನ ಬುಟ್ಟಿಗಳು, ಒಂದೊಂದಕ್ಕೂ ಒಂದೊಂದು ದೀಪ. "ಹಳ್ಳಿ ಹಳ್ಳಿ ತಿರುಗಿ ಹುಡುಕಿ ತಂದದ್ದು. ಇವನ್ನು ಬರೆದ ಹೆಣ್ಣುಮಕ್ಕಳು ಯಾರು ಅಂತ ಯಾರಿಗೂ ಗೊತ್ತಿಲ್ಲ" ಎಂದ. ಆ ಮಾತು ಮುಗಿಯುವಷ್ಟರಲ್ಲಿ ತೆರೆಯ ಮೇಲೆ ಅಕ್ಕನ ಎರಡು ಕೈ ಬಂದವು, ಹಸಿರು ಬಳೆಯ ಕೈ. ಮುಖ ಇಲ್ಲ. ಬಂದಷ್ಟೇ ಬೇಗ ಹೋದವು.

ನಾನು ರಿಮೋಟ್ ಎತ್ತಿಕೊಂಡೆ. ಅಕ್ಕ "ಇರಲಿ ಬಿಡು, ಮುಗೀಲಿ" ಅಂದಳು. ಪೂರ್ತಿ ನೋಡಿದಳು, ಕೊನೆಯಲ್ಲಿ ಸಾಲಾಗಿ ಬರುವ ಹೆಸರುಗಳನ್ನೂ ಬಿಡಲಿಲ್ಲ.

ಪಕ್ಕದ ಮನೆಯಾಕೆಗೆ ತಡೆಯಲಾಗಲಿಲ್ಲ. "ಅಲ್ರೀ, ಯಾರ್ರೀ ಇಂವಾ? ನಿಮಗ ಏನಾಗಬೇಕು?"

ಅಕ್ಕ ಸೆರಗು ಸರಿಮಾಡಿಕೊಂಡು ಅವನ ಹೆಸರು ಹೇಳಿದಳು. ಬರೀ ಹೆಸರು. ಮೊದಲಿಗೊಂದು ಒಡಪಿಲ್ಲ, ಕೊನೆಗೊಂದು 'ಅವರು' ಇಲ್ಲ. "ನನ್ನ ಗಂಡ" ಎಂದು ಸೇರಿಸಿದಳು.

ಅದನ್ನು ಹೇಳು ಅಂತಲೇ ನಾನು ಅಷ್ಟು ಗಂಟಲು ಹರಿದುಕೊಂಡವಳು. ಈಗ ಕಿವಿ ಮುಚ್ಚಿಕೊಳ್ಳಬೇಕೆನ್ನಿಸಿತು. ನಮ್ಮ ಕಡೆಯ ಹೆಂಗಸರು ಆ ದನಿಯಲ್ಲಿ ಗಂಡನ ಹೆಸರು ಹೇಳುವುದನ್ನು ನಾನು ಕೇಳಿರುವುದು ತಾಲ್ಲೂಕು ಕಚೇರಿಯಲ್ಲಿ ಮಾತ್ರ, ವಿಧವಾ ವೇತನಕ್ಕೆ ಬಂದು ನಿಂತವರ ಬಾಯಲ್ಲಿ.